ನಾಲ್ಕು ಜನರ ಶಾಫ್ಟ್

ನಮ್ಮ ಕಾರಿನ ಶಾಫ್ಟು ಊರಾಚೆ ಯಾರೂ ಇಲ್ಲದ ಕಡೆ ಮುರಿದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು. ಅದು ಮುರಿದದ್ದು ಹಿಟ್ಟಿನ ಗಿರಣಿಯ ಮುಂದೆ, ಸಂತೆಯ ದಿನ, ಅರ್ಧ ಊರು ಕೈಚೀಲ ಹಿಡಿದು ನಿಂತಿದ್ದ ಹೊತ್ತಿನಲ್ಲಿ. ಮೊದಲು ಕಾರಿನ ಹೊಟ್ಟೆಯೊಳಗೆ ಕರಕರ ಎಂದು ಸದ್ದಾಯಿತು. ಆಮೇಲೆ ಯಾರೋ ಕೆಳಗಿನಿಂದ ಸುತ್ತಿಗೆಯಲ್ಲಿ ಹೊಡೆದ ಹಾಗೆ ಒಂದು ಏಟು. ಶಾಫ್ಟಿನ ಒಂದು ತುದಿ ಕಳಚಿ ರಸ್ತೆಗೆ ಬಿದ್ದು, ಕಿಡಿ ಹಾರಿಸುತ್ತ ಸ್ವಲ್ಪ ದೂರ ಎಳೆದುಕೊಂಡು ಬಂತು. ಬೋಜಣ್ಣ ಬ್ರೇಕು ಒತ್ತಿದ. ಹಿಂದಿನ ಸೀಟಿನವರ ತೊಡೆಯ ಮೇಲಿದ್ದ ಕಡಾಯಿ, ಜರಡಿ, ಸೌಟುಗಳೆಲ್ಲ ಒಟ್ಟಿಗೇ ಮುಂದಕ್ಕೆ ಹಾರಿದವು.

ಬೇರೆ ಊರಾಗಿದ್ದರೆ ಜನ ಓಡಿ ಬಂದು ಏನಾಯಿತು ಎಂದು ಕೇಳುತ್ತಿದ್ದರು. ಗಿರಣಿಯ ಗಂಗಾಧರಯ್ಯ ಹಿಟ್ಟು ಮೆತ್ತಿಕೊಂಡ ಮುಖವನ್ನು ಕಿಟಕಿಯೊಳಗೆ ತೂರಿಸಿ ಕೇಳಿದ್ದು ಬೇರೆ.

"ಯಾರು ಹೋದ್ರು, ಚೆನ್ನಾಜಕ್ಕ?"

"ಯಾರೂ ಹೋಗಿಲ್ಲ. ನಿನ್ನ ಹಿಟ್ಟು ನೋಡ್ಕೋ ಹೋಗು," ಅಂದೆ.

ಆದರೆ ಯಾರೋ ಹೋಗಿದ್ದರು. ಡಿಕ್ಕಿಯ ಬಾಗಿಲು ತಾನಾಗಿ ಬಾಯಿ ಬಿಟ್ಟುಕೊಂಡಿತ್ತು. ಬಿಗಿಯಾಗಿದ್ದ ಸೀಟಿನ ಬಟ್ಟೆ ಸುಕ್ಕುಸುಕ್ಕಾಗಿತ್ತು. ಬೋಜಣ್ಣನ ಮೊಣಕಾಲು ಸ್ಟೇರಿಂಗಿಗೆ ತಾಗುತ್ತಿತ್ತು. ಕಾರು ನಾಲ್ಕು ಬೆರಳು ಕುಗ್ಗಿತ್ತು, ಅದನ್ನು ತಿಳಿಯಲು ಟೇಪು ಬೇಕಾಗಿರಲಿಲ್ಲ.

ನಮ್ಮೂರಲ್ಲಿ ಮನೆಯಾಗಲಿ ಗಾಡಿಯಾಗಲಿ ತನ್ನವರು ಎಷ್ಟು ಮಂದಿಯೋ ಅಷ್ಟುದ್ದ ಇರುತ್ತದೆ. ಸೊಸೆ ಬಂದ ಮನೆಯಲ್ಲಿ ನಡುಮನೆ ಒಂದು ಚಾಪೆ ಹಾಸುವಷ್ಟು ಹಿಗ್ಗುತ್ತದೆ, ಮಗಳು ಹೋದ ಮನೆಯಲ್ಲಿ ಅಷ್ಟೇ ಒಳಗೆ ಬರುತ್ತದೆ. ಅದಕ್ಕೇ ಇಲ್ಲಿ ವಯರಿಂಗ್ ಮಾಡುವವರು ಅಟ್ಟದ ಮೇಲೆ ಒಂದು ಸುತ್ತು ತಂತಿಯನ್ನು ಹೆಚ್ಚಿಗೆ ಬಿಟ್ಟಿರುತ್ತಾರೆ. ಟೈಲ್ಸ್ ಹಾಕುವವರು ಕೊನೆಯ ಸಾಲಿಗೆ ಸಿಮೆಂಟು ಹಾಕುವುದಿಲ್ಲ. ಹೆಣ್ಣು ನೋಡಲು ಬಂದವರು ಕಾಫಿ ಕುಡಿಯುವ ಮೊದಲು ಗೋಡೆಯಿಂದ ಗೋಡೆಗೆ ಸುಮ್ಮನೆ ಅಡ್ಡಾಡಿದಂತೆ ಮಾಡಿ ಹೆಜ್ಜೆ ಎಣಿಸಿಕೊಳ್ಳುತ್ತಾರೆ. ಅಣ್ಣತಮ್ಮಂದಿರು ಒಂದೇ ಸೂರಿನಡಿ ಇದ್ದೂ ಮನಸ್ಸು ಮುರಿದುಕೊಂಡ ಮನೆಯಲ್ಲಿ ಬೀರು ಬಾಗಿಲಿಗೆ ಅಡ್ಡ ಬಂದು, ಸೀರೆ ತೆಗೆಯಲು ಕಿಟಕಿಯಿಂದ ಕೈ ಹಾಕಬೇಕಾಗಿ ಬಂದದ್ದೂ ಉಂಟು. ನೆಂಟರಿಗೆ ಮಾತ್ರ ಈ ಲೆಕ್ಕ ಇಲ್ಲ. ನನ್ನ ತಂಗಿಯ ಮೈದುನ ಅವಳ ಮನೆಯಲ್ಲಿ ವರ್ಷಗಟ್ಟಲೆ ತಿಂದುಂಡು ಮಲಗಿದ್ದ, ಗೋಡೆ ಅಲುಗಿರಲಿಲ್ಲ. ಒಂದು ದಿನ ಅವನಿಗೆ ಏನು ತೋಚಿತೋ, ಸೋರುತ್ತಿದ್ದ ನಲ್ಲಿಯನ್ನು ಯಾರೂ ಹೇಳದೆ ತಾನೇ ರಿಪೇರಿ ಮಾಡಿದ. ಮಾರನೇ ದಿನ ಎದ್ದು ನೋಡಿದರೆ ಪಡಸಾಲೆ ಉದ್ದವಾಗಿತ್ತು. ತಂಗಿ ಸಂತೋಷಪಡಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯದೆ ನನ್ನ ಹತ್ತಿರ ಬಂದಿದ್ದಳು.

ಕಾರುಗಳೂ ಹಾಗೆಯೇ. ತನ್ನವರು ಹತ್ತಿ ಕೂತರೆ ಕಾರು ಒಂದು ಬೆರಳು ಹಿಗ್ಗುತ್ತದೆ, ಇಳಿದರೆ ಒಂದು ಬೆರಳು ಕುಗ್ಗುತ್ತದೆ. ಅಷ್ಟನ್ನು ತಡೆದುಕೊಳ್ಳಲು ಶಾಫ್ಟಿನ ತುದಿಯಲ್ಲಿ ಒಂದು ಜಾರುವ ಭಾಗ ಇಟ್ಟಿರುತ್ತಾರೆ. ಆದರೆ ತನ್ನವರಲ್ಲಿ ಒಬ್ಬರು ಪೂರ್ತಿ ಬಿಟ್ಟುಹೋದರೆ ಕಾರು ನಾಲ್ಕು ಬೆರಳು ಕುಗ್ಗಿಬಿಡುತ್ತದೆ. ಗೇರ್ ಬಾಕ್ಸಿನಿಂದ ಹಿಂದಿನ ಚಕ್ರಗಳವರೆಗೆ ತಿರುಗುತ್ತ ಹೋಗುವ ಆ ಉದ್ದನೆಯ ಕಬ್ಬಿಣದ ಕೊಳವೆ ಹೊರಗಿನ ಊರಿನಿಂದ ಬಂದದ್ದು. ಅದಕ್ಕೆ ನಮ್ಮೂರಿನ ರೀತಿ ರಿವಾಜು ಗೊತ್ತಿಲ್ಲ, ಅದು ಕುಗ್ಗುವುದಿಲ್ಲ. ಗೇರ್ ಬಾಕ್ಸಿಗೆ ಒತ್ತಿಕೊಂಡು, ಎಲ್ಲೂ ಜಾಗವಿಲ್ಲದೆ ಮುರಿಯುತ್ತದೆ.

ನಾವಿದ್ದದ್ದೇ ನಾಲ್ಕು ಜನ. ಮದುವೆಮನೆಗಳಿಗೆ ಅಡುಗೆ ಮಾಡುವುದು ನಮ್ಮ ಕೆಲಸ. ಹೋಳಿಗೆ, ಕಜ್ಜಾಯ, ಸಿಹಿಯೆಲ್ಲ ಸಾಕಮ್ಮನದು. ಅವಳೂ ನಾನೂ ಒಂದೇ ವಯಸ್ಸಿನವರು, ಮೊದಲಿನಿಂದ ಜೊತೆಗಿದ್ದವರು. ಬೋಜಣ್ಣ ಕಾರು ಓಡಿಸುತ್ತಾನೆ, ಒಲೆ ಹಚ್ಚುತ್ತಾನೆ, ಎರಡನ್ನೂ ಒಂದೇ ಮುಖ ಇಟ್ಟುಕೊಂಡು ಮಾಡುತ್ತಾನೆ. ಜಯಶೀಲ ಎಲ್ಲರಿಗಿಂತ ಚಿಕ್ಕವಳು. ಗಂಡನ ಮನೆ ಬಿಟ್ಟು ಬಂದವಳು ನನ್ನ ಹತ್ತಿರ ತರಕಾರಿ ಹೆಚ್ಚಲು ಸೇರಿಕೊಂಡು, ಈಗ ಪಲ್ಯ, ಕೋಸಂಬರಿಯನ್ನೆಲ್ಲ ತಾನೇ ನೋಡಿಕೊಳ್ಳುವ ಮಟ್ಟಕ್ಕೆ ಬಂದಿದ್ದಾಳೆ. ಇವರನ್ನೆಲ್ಲ ಬಯ್ಯುವುದು ನಾನು. ಹುಳಿ, ಸಾರು ಕೂಡ ನನ್ನದೇ.

ನಾಡಿದ್ದು ಘಟ್ಟದಾಚೆಯ ಊರಿನಲ್ಲಿ ಒಂದು ದೊಡ್ಡ ಮದುವೆ ಒಪ್ಪಿಕೊಂಡಿದ್ದೆವು. ಮೇಲಿನ ಬೀದಿಯ ಕೇಟರಿಂಗಿನವರು ಶುರುವಾದ ಮೇಲೆ ಅಂಥ ಮದುವೆ ನಮ್ಮ ಕಡೆ ತಿರುಗಿಯೂ ನೋಡಿರಲಿಲ್ಲ. ಅಲ್ಲಿಗೆ ಬಸ್ಸಿಲ್ಲ. ನಾಳೆ ಸಂಜೆಯೊಳಗೆ ಕಾರು ಹೊರಡದಿದ್ದರೆ ಹೆಣ್ಣಿನ ಕಡೆಯವರು ಆ ಕೇಟರಿಂಗಿನವರಿಗೇ ಫೋನು ಮಾಡುತ್ತಾರೆ. ಆಮೇಲೆ ನಮ್ಮನ್ನು ಯಾರೂ ಕರೆಯುವುದಿಲ್ಲ. ನಾಲ್ಕು ಜನ ನಾಲ್ಕು ದಿಕ್ಕಾಗುತ್ತೇವೆ. ಇದು ನನಗೆ ಚೆನ್ನಾಗಿ ಗೊತ್ತಿತ್ತು.

ಕಾರನ್ನು ತಳ್ಳಿಕೊಂಡು ದಸ್ತಗೀರನ ಗ್ಯಾರೇಜಿಗೆ ಹೋದೆವು. ತಳ್ಳುವಾಗ ನಾನು ಜಯಶೀಲಳ ಬೆನ್ನನ್ನೇ ನೋಡುತ್ತಿದ್ದೆ. ಹೋದ ವಾರ ಅವಳು ಕೇಟರಿಂಗಿನವರ ಗೇಟಿನಿಂದ ಹೊರಗೆ ಬರುವುದನ್ನು ನಾನು ಕಣ್ಣಾರೆ ಕಂಡಿದ್ದೆ. ಅವರು ಸಮವಸ್ತ್ರ ಕೊಡುತ್ತಾರೆ, ತಲೆಗೆ ಬಿಳಿ ಟೋಪಿ ಕೊಡುತ್ತಾರೆ, ಅಲ್ಲಿ ಚೆನ್ನಾಜಮ್ಮನ ಬಾಯಿ ಇರುವುದಿಲ್ಲ. ವಯಸ್ಸಿನ ಹುಡುಗಿ, ಹೋದಳು. ನಾನು ಹಾಗೆ ತೀರ್ಮಾನ ಮಾಡಿಯಾಗಿತ್ತು.

ಇಲ್ಲಿ ಇನ್ನೊಂದು ವಿಷಯ ಹೇಳಬೇಕು, ಅದನ್ನು ನಾನು ಆವತ್ತಿನವರೆಗೆ ಯಾರಿಗೂ ಹೇಳಿರಲಿಲ್ಲ. ಚಳಿಗಾಲದಲ್ಲಿ ಒಂದು ಜ್ವರ ಬಂದು ಹೋದ ಮೇಲೆ ನನಗೆ ಉಪ್ಪಿನ ರುಚಿ ತಿಳಿಯುತ್ತಿರಲಿಲ್ಲ. ಸಿಹಿ ಸ್ವಲ್ಪ ತಿಳಿಯುತ್ತದೆ, ಖಾರ ಸುಡುತ್ತದೆ, ಉಪ್ಪು ಮಾತ್ರ ಇಲ್ಲ. ಸಾರು ಬಾಯಿಗೆ ಹಾಕಿಕೊಂಡರೆ ಬಿಸಿನೀರು. ಕೈಯ ಅಭ್ಯಾಸದಲ್ಲಿ ಹಾಕುತ್ತಿದ್ದೆ, ಹಾಕಿದ ಮೇಲೆ ಜಯಶೀಲಳನ್ನು ಕರೆದು, "ಎಲ್ಲಿ, ಉಪ್ಪು ನೋಡು, ನಿನ್ನ ನಾಲಿಗೆ ಎಷ್ಟು ಪಳಗಿದೆ ನೋಡೋಣ," ಅನ್ನುತ್ತಿದ್ದೆ. ಪಾಠ ಹೇಳಿಕೊಡುವವಳ ಗತ್ತಿನಲ್ಲಿ. ಅವಳು ಸರಿ ಅಂದರೆ ಹೋದ ಜೀವ ಬಂದಂತಾಗುತ್ತಿತ್ತು. ಹಾಗಾಗಿ ಅವಳು ಹೋದರೆ ಒಬ್ಬ ಕೆಲಸದವಳು ಹೋದ ಹಾಗಲ್ಲ, ನನ್ನ ನಾಲಿಗೆಯೇ ಹೋದ ಹಾಗೆ. ಯಾರಾದರೂ ಕಂಡುಹಿಡಿದು ನಗುವ ಮೊದಲು ನಾನೇ ಕೈ ತೊಳೆದುಕೊಂಡುಬಿಡಬೇಕು, ಈ ಮದುವೆಯೊಂದು ಮುಗಿದರೆ ತಂಗಿಯ ಮನೆ ಸೇರಿ ದೇವರ ದೀಪ ಹಚ್ಚಿಕೊಂಡು ಕೂರಬೇಕು ಎಂದು ಇತ್ತೀಚೆಗೆ ದಿನಾ ಅಂದುಕೊಳ್ಳುತ್ತಿದ್ದೆ. ಅಂದುಕೊಳ್ಳುವುದು ಅಷ್ಟೇ. ಒಲೆ ಮುಂದೆ ನಿಂತವರು ಯಾರು ತಾನೇ ಅಂದುಕೊಳ್ಳುವುದಿಲ್ಲ?

ದಸ್ತಗೀರ ಕಾರನ್ನು ಗುಂಡಿಯ ಮೇಲೆ ನಿಲ್ಲಿಸಿ, ಮುರಿದ ಶಾಫ್ಟನ್ನು ಎರಡೂ ಕೈಯಲ್ಲಿ ಎತ್ತಿ ನೋಡಿದ. ಅದರ ಒಂದು ತುದಿಯನ್ನು ಗೇರ್ ಬಾಕ್ಸಿಗೆ ಜೋಡಿಸುವ ಕ್ರಾಸು ನುಜ್ಜುಗುಜ್ಜಾಗಿತ್ತು.

"ಇದು ಹಳೇದಾಗಿ ಮುರಿದದ್ದಲ್ಲ, ಒತ್ತಿ ಮುರಿದದ್ದು," ಅಂದ.

"ಅದು ನಮಗೂ ಗೊತ್ತು. ಇದೇ ಉದ್ದಕ್ಕೆ ಇನ್ನೊಂದು ಮಾಡ್ಸಿ ಹಾಕು," ಅಂದೆ.

"ಹಳೇದರ ಉದ್ದಕ್ಕೇ ಮಾಡ್ಸಿದ್ರೆ ನೀವು ಮತ್ತೆ ಗಿರಣಿ ಮುಂದೆ ಹೋಗಿ ಮುರ್ಕೊಂಡು ಬರ್ತೀರ ಅಕ್ಕ. ಕಾರು ಈಗ ಎಷ್ಟಿದೆಯೋ ಅಷ್ಟಕ್ಕೆ ಮಾಡ್ಬೇಕು. ಲೇತಿನವನಿಗೆ ಮಧ್ಯಾಹ್ನದೊಳಗೆ ಅಳತೆ ಕೊಟ್ರೆ ನಾಳೆ ಮಧ್ಯಾಹ್ನ ಶಾಫ್ಟು ಕೊಡ್ತಾನೆ. ತಡ ಆದ್ರೆ ಇಲ್ಲ."

ಬೋಜಣ್ಣ ಉಪಕಾರ ಮಾಡಲು ಹೋಗಿ ಹಿಂದಿನ ಚಕ್ರಕ್ಕೆ ಜಾಕಿ ಕೊಟ್ಟು ಎತ್ತಿದ್ದ. ದಸ್ತಗೀರ ಅದನ್ನು ಇಳಿಸಿದ. ಚಕ್ರಗಳು ಗಾಳಿಯಲ್ಲಿ ನೇತಾಡುತ್ತಿದ್ದರೆ ಹಿಂಭಾಗ ಕೆಳಕ್ಕೆ ಜೋಲುತ್ತದಂತೆ, ಅಳತೆ ಸುಳ್ಳಾಗುತ್ತದಂತೆ. ನಾಲ್ಕು ಚಕ್ರ ನೆಲದ ಮೇಲಿರಬೇಕು, ದಿನಾ ಕೂರುವವರು ದಿನಾ ಕೂರುವ ಜಾಗದಲ್ಲೇ ಕೂತಿರಬೇಕು, ಆಗ ಗೇರ್ ಬಾಕ್ಸಿನ ತುದಿಯಿಂದ ಹಿಂದಿನ ಚಕ್ರಗಳ ನಡುವಿನ ಹೌಸಿಂಗಿನ ಮುಖದವರೆಗೆ ಟೇಪು ಹಿಡಿಯಬೇಕು. ಪಾತ್ರೆ ಕೂಡ ಇಳಿಸಬೇಡಿ ಅಂದ. ನಾವು ಹತ್ತಿ ಕೂತೆವು. ಬೋಜಣ್ಣ ಮುಂದೆ, ಅವನ ಪಕ್ಕ ನಾನು, ಹಿಂದೆ ಕಡಾಯಿಗಳ ನಡುವೆ ಸಾಕಮ್ಮ ಮತ್ತು ಜಯಶೀಲ. ದಸ್ತಗೀರ ಗುಂಡಿಗಿಳಿದ.

ಸ್ವಲ್ಪ ಹೊತ್ತಿನ ಮೇಲೆ ಕೆಳಗಿನಿಂದ ಧ್ವನಿ ಬಂತು. "ಮೂರು ಜನ."

"ನಾವು ನಾಲ್ಕು ಜನ ಕೂತಿದೀವಿ ಕಣೋ, ಕಣ್ಣು ಕಾಣಲ್ವಾ ನಿನಗೆ?" ಅಂದೆ.

"ಟೇಪಿಗೆ ಮೂರೇ ಜನ ಕಾಣ್ತಿರೋದು ಅಕ್ಕ. ಮೂರಕ್ಕೇ ಬರ್ಕೊಂಡು ಕಳಿಸ್ಲಾ?"

ಮೂರಕ್ಕೆ ಶಾಫ್ಟು ಮಾಡಿಸಿದರೆ ಕಾರು ಓಡುತ್ತದೆ, ಅದರಲ್ಲಿ ತೊಂದರೆಯಿಲ್ಲ. ಆದರೆ ಆಮೇಲೆ ಆ ನಾಲ್ಕನೆಯವರು ಮನಸ್ಸು ಬದಲಾಯಿಸಿ ವಾಪಸ್ಸು ಬಂದರೂ ಕಾರು ಹಿಗ್ಗಿ ಶಾಫ್ಟು ಜಾರಿ ಕಳಚಿಕೊಳ್ಳುತ್ತದೆ. ಅದಕ್ಕೇ ನಮ್ಮೂರಲ್ಲಿ ಶಾಫ್ಟಿನ ಅಳತೆ ಕೊಡುವುದೆಂದರೆ ಒಬ್ಬರಿಗೆ ಬಾಗಿಲು ಹಾಕುವುದು. ನಾನು ಹಿಂದಕ್ಕೆ ತಿರುಗಿದೆ.

"ಜಯಶೀಲ, ನೀನಾಗೇ ಇಳಿದುಬಿಡು. ಟೋಪಿ ಹಾಕ್ಕೊಂಡು ಅಡುಗೆ ಮಾಡೋ ಆಸೆ ಇದ್ರೆ ಬಾಯಿಬಿಟ್ಟು ಹೇಳಬಹುದಿತ್ತು. ಬೀದಿಲಿ ಕಾರು ಮುರಿಸಿ ಹೇಳಬೇಕಾಗಿರಲಿಲ್ಲ."

"ನಾನಾ?" ಅಂದಳು ಅವಳು. ಮುಖ ಕೆಂಪಾಯಿತು. "ನಾನು ಎಲ್ಲಿಗೆ ಹೋಗ್ಲಿ ಅಕ್ಕ?"

"ಆ ಗೇಟಿಂದ ಹೊರಗೆ ಬಂದದ್ದು ನಾನು ನೋಡಿದೀನಿ."

"ಕೊಪ್ಪರಿಗೆ ಕೇಳೋಕೆ ಹೋಗಿದ್ದೆ! ಅಷ್ಟು ದೊಡ್ಡ ಮದುವೆಗೆ ನಮ್ಮ ಕೊಪ್ಪರಿಗೆ ಸಾಲಲ್ಲ ಅಂತ ನೀವೇ ಹೇಳ್ತಿದ್ರಿ. ಕೆಲಸಕ್ಕೆ ಬರ್ತೀಯಾ ಅಂತ ಅವರು ಕೇಳಿದ್ದೂ ನಿಜ, ಬರಲ್ಲ ಅಂದದ್ದೂ ನಿಜ."

"ಹೇಳೋದಕ್ಕೇನು, ಬಾಯಿ ಇದೆ," ಅಂದೆ.

ಜಗಳ ಬೇಡವೆಂದು ದಸ್ತಗೀರ ಕೆಳಗಿನಿಂದಲೇ ತೀರ್ಮಾನ ಹೇಳಿದ. ಒಬ್ಬೊಬ್ಬರಾಗಿ ಇಳಿಯಿರಿ, ಕಾರಿನವರಾದರೆ ಇಳಿದಾಗ ಕಾರು ಒಂದು ಬೆರಳು ಕುಗ್ಗುತ್ತದೆ, ಅಲ್ಲದವರಾದರೆ ಕುಗ್ಗುವುದಿಲ್ಲ, ಟೇಪು ಹೇಳಿಬಿಡುತ್ತದೆ. ಮೊದಲು ಜಯಶೀಲಳೇ ಇಳಿಯಲಿ ಅಂದೆ ನಾನು. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಾಗಿಲನ್ನು ಧಡಾರನೆ ತೆಗೆದು ಇಳಿದಳು.

"ಕುಗ್ತು, ಒಂದು ಬೆರಳು!" ಅಂದ ದಸ್ತಗೀರ.

ಜಯಶೀಲ ನನ್ನ ಕಡೆ ನೋಡಿದಳು. ನಾನು ಬೋಜಣ್ಣನ ಕಡೆ ನೋಡಿದೆ. ಬೋಜಣ್ಣ ಇಳಿದ. ಕಾರು ಕುಗ್ಗಿತು. ಸಾಕಮ್ಮ ಮಂಡಿ ಹಿಡಿದುಕೊಂಡು ನಿಧಾನವಾಗಿ ಇಳಿದಳು, ಇಳಿಯುವಾಗ ನನ್ನ ಭುಜವನ್ನು ಒಂದು ಸಲ ಒತ್ತಿದಳು. ಅದು ಆಸರೆಗೆಂದು ಅಂದುಕೊಂಡೆ. ಕಾರು ಕುಗ್ಗಿತು.

ಕಾರಿನಲ್ಲಿ ನಾನೊಬ್ಬಳೇ ಉಳಿದಿದ್ದೆ. ಅಷ್ಟು ಹೊತ್ತಿಗೆ ನನಗೆ ತಿಳಿದಿತ್ತು. ಆದರೂ ಟೇಪಿನಲ್ಲಿ ಏನೋ ಐಬಿರಬೇಕು, ದಸ್ತಗೀರನ ಕಣ್ಣಿಗೆ ಎಣ್ಣೆ ಬಿದ್ದಿರಬೇಕು ಎಂದು ಮನಸ್ಸು ಏನೇನೋ ಹುಡುಕುತ್ತಿತ್ತು. ಕಾಲು ಕೆಳಗಿಟ್ಟೆ. ಸೀಟು ಬಿಟ್ಟು ಎದ್ದು ನಿಂತೆ.

ಕೆಳಗಿನಿಂದ ಯಾವ ಮಾತೂ ಬರಲಿಲ್ಲ. ಆಮೇಲೆ ದಸ್ತಗೀರ ಗುಂಡಿಯಿಂದ ತಲೆ ಎತ್ತಿ, "ಇನ್ನೊಂದ್ಸಲ ಕೂತು ಇಳೀರಿ ಅಕ್ಕ," ಅಂದ. ಕೂತು ಇಳಿದೆ. ಅವನು ತಲೆ ತಗ್ಗಿಸಿಕೊಂಡ.

ಎಂಥಾ ನಾಚಿಕೆ! ಆ ಕಾರನ್ನು ಕೊಂಡವಳು ನಾನು. ಮೊದಲ ಸಲ ಅದು ಹಿಗ್ಗಿದಾಗ ಅರಿಶಿನ ಕುಂಕುಮ ಹಚ್ಚಿದವಳು ನಾನು. ಅದು ನನ್ನನ್ನು ದಾರಿಯಲ್ಲಿ ಕೈ ಅಡ್ಡ ಹಿಡಿದು ಹತ್ತಿಕೊಂಡ ಯಾರೋ ಪ್ರಯಾಣಿಕಳಂತೆ ಇಳಿಸಿತ್ತು.

"ಚೆನ್ನಾಜಿ, ಏನೇ ಇದು?" ಅಂದಳು ಸಾಕಮ್ಮ.

ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. ಹೇಳಿದೆ. ಈ ಮದುವೆ ಮುಗಿಸಿ ನಿಲ್ಲಿಸುವವಳಿದ್ದೆ, ನಾಲಿಗೆ ಸತ್ತುಹೋಗಿದೆ, ಉಪ್ಪು ಗೊತ್ತಾಗುತ್ತಿಲ್ಲ, ಜ್ವರ ಬಂದಾಗಿನಿಂದ ಎಂದೆ. ಅವರು ಬೆಚ್ಚಿ ಬೀಳುತ್ತಾರೆ ಎಂದು ಕಾದೆ. ಬೋಜಣ್ಣ ಕೆಮ್ಮಿದ. ಜಯಶೀಲ ಕಾಲಿನಲ್ಲಿ ನೆಲ ಕೆರೆಯುತ್ತ ನಿಂತಳು.

"ಅದು ಗೊತ್ತು ಬಿಡಿ ಅಕ್ಕ," ಅಂದ ಬೋಜಣ್ಣ. "ಆ ನಾಮಕರಣದ ಮನೇಲಿ ಸಾರಿಗೆ ಎರಡು ಸಲ ಉಪ್ಪು ಹಾಕಿದ್ರಲ್ಲ, ಆವತ್ತೇ ಗೊತ್ತಾಯ್ತು. ಜಯಶೀಲ ಅರ್ಧ ಸಾರು ತೆಗೆದು ಬೇಳೆ ಕಟ್ಟು ಸೇರಿಸಿದ್ಲು. ಅದಕ್ಕೇ ಆಮೇಲಿಂದ ನೀವು ಕರೆಯೋಕೆ ಮುಂಚೆನೇ ಒಲೆ ಹತ್ರ ನಿಂತಿರ್ತಾಳೆ."

"ನನ್ನ ಪರೀಕ್ಷೆ ಮಾಡ್ತಿದೀರಿ ಅನ್ಕೊಂಡಿದ್ನಾ ನಾನು?" ಅಂದಳು ಜಯಶೀಲ, ನನ್ನ ಮುಖ ನೋಡದೆ. "ಹೇಳಿದ್ರೆ ನಿಮಗೆ ಬೇಜಾರಾಗುತ್ತೆ ಅಂತ ಸುಮ್ಮನಿದ್ವಿ."

ಇಂಥ ಹೊತ್ತಿನಲ್ಲಿ ಕಣ್ಣು ತುಂಬಿ ಬಂದು ಒಬ್ಬರನ್ನೊಬ್ಬರು ತಬ್ಬಿಕೊಂಡು ಕಾರು ಹಿಗ್ಗಬೇಕು. ನಾನು ಅಷ್ಟು ಒಳ್ಳೆಯವಳಲ್ಲ. ನನಗೆ ಬಂದದ್ದು ಮೈಯುರಿ. ನನ್ನ ಬೆನ್ನ ಹಿಂದೆ ನನ್ನ ಸಾರಿಗೆ ಕೈ ಹಾಕಿದ್ದರು. ಇಷ್ಟು ದಿನ ನಾನು ಯಜಮಾನಿಕೆ ಮಾಡುತ್ತಿದ್ದೇನೆ ಅಂದುಕೊಂಡಿದ್ದೆ, ಅವರು ನನ್ನನ್ನು ಮಗುವನ್ನು ಕಂಕುಳಲ್ಲಿ ಎತ್ತಿಕೊಂಡ ಹಾಗೆ ಎತ್ತಿಕೊಂಡು ಓಡಾಡುತ್ತಿದ್ದರು. ದುಃಖವೂ ಆಯಿತು. ಅದನ್ನು ತೋರಿಸಿಕೊಳ್ಳಲು ಇಷ್ಟವಿರಲಿಲ್ಲ.

"ಹಾಗಾದ್ರೆ ಒಳ್ಳೇದೇ ಆಯ್ತು," ಅಂದೆ. "ನಾನಿಲ್ದೆ ಹೆಂಗೂ ನಡೀತಿದೆ. ಯಾರ ಮೇಲೂ ಹೊರೆಯಾಗಿ ಕೂರೋಳಲ್ಲ ನಾನು. ದಸ್ತಗೀರ, ಮೂರು ಜನಕ್ಕೆ ಅಳತೆ ತಗೋ. ಈ ಮದುವೆ ಅವರೇ ಮಾಡ್ಲಿ."

"ಚೆನ್ನಾಜಿ..." ಅಂದಳು ಸಾಕಮ್ಮ.

"ಲೇತಿನವನು ಊಟಕ್ಕೆ ಹೋಗಿಬಿಡ್ತಾನೆ. ಹತ್ತಿ ಎಲ್ಲರೂ."

ನಾನು ಒಂದು ಸಲ ಹೇಳಿದರೆ ಆಯಿತು, ಅದು ಅವರಿಗೆ ಗೊತ್ತು. ಮೂವರೂ ಹತ್ತಿ ಕೂತರು. ಮುಂದಿನ ನನ್ನ ಸೀಟು ಖಾಲಿ ಇತ್ತು. ಗ್ಯಾರೇಜಿನ ಹೊಂಗೆ ಮರದ ಕೆಳಗೆ ಒಂದು ಹಳೆಯ ಟೈರು ಬಿದ್ದಿತ್ತು, ಅದರ ಮೇಲೆ ಹೋಗಿ ಕೂತೆ. ಗೇರ್ ಬಾಕ್ಸಿನ ತುದಿಗೆ ಮೆತ್ತಿದ್ದ ಗ್ರೀಸನ್ನು ದಸ್ತಗೀರ ಸೀಮೆಎಣ್ಣೆಯಲ್ಲಿ ಒರೆಸತೊಡಗಿದ. ಈ ಸಲ ಕೊನೆಯ ಅಳತೆ, ಕೂದಲಷ್ಟೂ ತಪ್ಪಬಾರದು, ಯಾರೂ ಅಲುಗಬೇಡಿ ಅಂದ. ಮೂವರೂ ಕಡಾಯಿಗಳ ನಡುವೆ ಗೊಂಬೆಗಳ ಹಾಗೆ ಕೂತಿದ್ದರು.

ಸುಮ್ಮನೆ ಕೂತು ಬೇಜಾರಾಯಿತೋ, ಇಲ್ಲ ಭಯವಾಯಿತೋ, ಅವರು ಮದುವೆಯ ಅಡುಗೆಯ ಮಾತು ತೆಗೆದರು. ಕಿಟಕಿಗಳೆಲ್ಲ ತೆರೆದಿದ್ದವು. ನನಗೆ ಪ್ರತಿಯೊಂದು ಮಾತೂ ಕೇಳುತ್ತಿತ್ತು.

"ಸೌದೆ ಬೇಡ, ಗ್ಯಾಸಿನ ಒಲೆಲೇ ಮಾಡ್ಬಿಡೋಣ," ಅಂದ ಬೋಜಣ್ಣ. "ಅಕ್ಕನಿಗೆ ಸೌದೆನೇ ಆಗ್ಬೇಕಿತ್ತು."

ಇರಲಿ. ಅವರ ಒಲೆ, ಅವರ ಇಷ್ಟ. ನಾನು ಹೊಂಗೆಯ ಎಲೆ ಕಿತ್ತು ಮಡಚಿದೆ.

"ಹೂರಣ ಇಲ್ಲೇ ರುಬ್ಬಿಕೊಂಡು ಹೋಗೋಣ," ಅಂದಳು ಸಾಕಮ್ಮ. "ಅಲ್ಲಿ ಹೋಗಿ ರುಬ್ಬೋಕೆ ನನ್ನ ಮಂಡಿಲಿ ಶಕ್ತಿ ಇಲ್ಲ."

ಈ ಬಿಸಿಲಿನಲ್ಲಿ ಹೂರಣವನ್ನು ಘಟ್ಟ ಹತ್ತಿಸಿ ಇಳಿಸಿದರೆ ಹಳಸದೇ ಇರುತ್ತದೆಯೇ? ಹಳಸಲಿ. ಸಾಕಮ್ಮ ಹೋಳಿಗೆ ಮಾಡಿ ಕೂದಲು ನರೆತವಳು, ಅವಳಿಗೆ ನಾನು ಹೇಳಬೇಕೆ? ಇನ್ನೊಂದು ಎಲೆ ಕಿತ್ತೆ.

"ಹುಳಿ ಹೇಗೆ ಮಾಡ್ತೀಯ?" ಎಂದು ಬೋಜಣ್ಣ ಕೇಳಿದ.

"ಕುಂಬಳಕಾಯಿ ಬೇಯಕ್ಕೆ ಇಟ್ಟಾಗಲೇ ಹುಣಸೆ ರಸನೂ ಹುಯ್ದುಬಿಡೋದು," ಅಂದಳು ಜಯಶೀಲ. "ಒಂದು ಕೆಲಸ ಮುಗಿಯುತ್ತಲ್ಲ."

ನನ್ನ ಕೈಯಲ್ಲಿದ್ದ ಎಲೆ ಪುಡಿಯಾಯಿತು. ಹುಳಿ ಬಿದ್ದ ಮೇಲೆ ಕುಂಬಳಕಾಯಿ ಬೇಯುವುದುಂಟೆ? ಮದುವೆಗೆ ಬಂದ ಮುದುಕರು ಹಲ್ಲು ಎಲೆಯಲ್ಲಿ ಬಿಟ್ಟು ಹೋಗಬೇಕೆ? ಆದರೂ ತುಟಿ ಕಚ್ಚಿಕೊಂಡೆ. ನಾನು ಹೋದವಳು. ಟೇಪೇ ಹೇಳಿದೆ.

"ಇನ್ನು ಕೋಸಂಬರಿ," ಅಂದಳು ಜಯಶೀಲ. "ಸೌತೆಕಾಯಿ ಹೆಚ್ಚಿ ಬೆಳಿಗ್ಗೆನೇ ಉಪ್ಪು ಹಾಕಿ ಕಲಸಿಟ್ಬಿಟ್ರೆ..."

ನಾನು ಯಾವಾಗ ಎದ್ದೆನೋ ತಿಳಿಯದು. ಗುಂಡಿಯ ಅಂಚಿನಲ್ಲಿ ಜಾರಿ ಬೀಳದೆ ಕಾರಿನ ಬಾಗಿಲು ತಲುಪಿದ್ದು ದೇವರ ದಯೆ.

"ಬೆಳಿಗ್ಗೆನೇ ಉಪ್ಪು ಹಾಕಿದ್ರೆ ಮಧ್ಯಾಹ್ನ ಊಟದ ಹೊತ್ತಿಗೆ ಅದು ಕೋಸಂಬರಿ ಆಗಿರಲ್ಲ ಕಣೆ, ನೀರು ತುಂಬಿದ ಬಾವಿ ಆಗಿರುತ್ತೆ! ಎಲೆ ಮೇಲೆ ಬಡಿಸ್ತೀಯೋ, ಲೋಟದಲ್ಲಿ ಕೊಡ್ತೀಯೋ? ಉಪ್ಪು ಎಷ್ಟು ಅಂತ ನನ್ನ ನಾಲಿಗೆಗೆ ಗೊತ್ತಾಗದೇ ಇರಬಹುದು. ಯಾವಾಗ ಅಂತ ನನಗೆ ಗೊತ್ತು!"

"ನೀವು ಬರಲ್ಲ ಅಂದ್ರಲ್ಲ," ಅಂದಳು ಜಯಶೀಲ.

"ಬರಲ್ಲ ಅಂದ್ರೆ ಅನ್ನ ಉಣ್ಣೋರ ಹೊಟ್ಟೆ ಕೆಡಿಸಿ ಬನ್ನಿ ಅಂದ ಹಾಗಾಯ್ತಾ? ಸರಿ ಆಚೆ."

"ನಿಮ್ಮ ಸೀಟು ಮುಂದಿದೆ."

ಬಾಗಿಲು ಕಿತ್ತು ಬರುವ ಹಾಗೆ ತೆರೆದು ನನ್ನ ಸೀಟಿನಲ್ಲಿ ಕೂತು, ಹಿಂದಕ್ಕೆ ತಿರುಗಿ ಇಬ್ಬರನ್ನೂ ತರಾಟೆಗೆ ತೆಗೆದುಕೊಂಡೆ. ಹೂರಣ ಅಲ್ಲೇ ರುಬ್ಬತಕ್ಕದ್ದು, ಸಾಕಮ್ಮನಿಗೆ ಮಂಡಿ ನೋವಾದರೆ ಬೋಜಣ್ಣ ರುಬ್ಬಲಿ, ಕಲ್ಲು ತಿರುಗಿಸುವುದು ಸ್ಟೇರಿಂಗ್ ತಿರುಗಿಸುವುದಕ್ಕಿಂತ ಕಷ್ಟವಲ್ಲ. ಸೌದೆ ಒಲೆ ಸಾರಿಗೆ ಬೇಕೇ ಬೇಕು, ಉಳಿದದ್ದು ಗ್ಯಾಸಿನಲ್ಲಿ ಆಗಲಿ. ಕುಂಬಳಕಾಯಿ ಮೆತ್ತಗಾಗಿ ಸೌಟಿಗೆ ಬಗ್ಗಿದ ಮೇಲೆಯೇ ಹುಣಸೆ ರಸ. ಮತ್ತೆ ಉಪ್ಪು. ಇನ್ನು ಮೇಲೆ ಕದ್ದುಮುಚ್ಚಿ ಬೇಡ, ಎಲ್ಲರ ಎದುರಿಗೇ ಜಯಶೀಲ ಹಾಕಲಿ, ಹಾಕು ಅಂದಾಗ ಹಾಕಲಿ, ಅನ್ನುವವಳು ನಾನು. ಹಾಗೆ ಒಪ್ಪಿಗೆ ಇದ್ದರೆ ಸರಿ, ಇಲ್ಲದಿದ್ದರೆ...

"ಅಕ್ಕಾ!" ಕೆಳಗಿನಿಂದ ದಸ್ತಗೀರ ಕೂಗಿದ. "ಬಯ್ಯೋದು ನಿಲ್ಲಿಸ್ಬೇಡಿ! ಟೇಪು ಓಡ್ತಿದೆ!"

ಆಗ ಕೇಳಿಸಿತು. ತಗಡು ನಿಧಾನವಾಗಿ ನರಳುವ ಸದ್ದು. ಸುಕ್ಕು ಬಿದ್ದಿದ್ದ ಸೀಟಿನ ಬಟ್ಟೆ ನನ್ನ ಬೆನ್ನ ಹಿಂದೆ ಬಿಗಿಯಾಗುತ್ತ ಬಂತು. ಬೋಜಣ್ಣನ ಮೊಣಕಾಲು ಸ್ಟೇರಿಂಗಿನಿಂದ ಬಿಡಿಸಿಕೊಂಡಿತು. ಹಿಂದೆ ಡಿಕ್ಕಿಯ ಬಾಗಿಲು ತಾನಾಗಿ ಟಪ್ಪೆಂದು ಮುಚ್ಚಿಕೊಂಡಿತು. ಕಡಾಯಿಗಳು ಒಂದಕ್ಕೊಂದು ತಾಗಿ ಸದ್ದು ಮಾಡಿ ಸುಮ್ಮನಾದವು.

"ಎಷ್ಟಾಯ್ತು?" ಅಂದೆ.

ದಸ್ತಗೀರ ಮುರಿದ ಶಾಫ್ಟನ್ನು ಎಳೆದುಕೊಂಡು ಅದರ ಪಕ್ಕ ಟೇಪು ಹಿಡಿದು ನೋಡಿದ. "ಹಳೇದಕ್ಕೆ ಸಮಸಮ. ನಾಲ್ಕು ಜನ."

ಸಾಕಮ್ಮ ಸೆರಗಿನಲ್ಲಿ ಮೂಗು ಒರೆಸಿಕೊಂಡಳು. ಬೋಜಣ್ಣ ಎರಡೂ ಕೈಯನ್ನು ಸ್ಟೇರಿಂಗಿನ ಮೇಲಿಟ್ಟು ಮುಂದೆ ರಸ್ತೆ ಇದೆ ಎನ್ನುವ ಹಾಗೆ ನೋಡುತ್ತಿದ್ದ. ಜಯಶೀಲ ಮಾತ್ರ ನಗುತ್ತಿದ್ದಳು. ಕುಂಬಳಕಾಯಿ ಹೇಗೆ ಬೇಯಿಸುತ್ತಾರೆ ಎಂದು ಅವಳಿಗೆ ಚೆನ್ನಾಗಿ ಗೊತ್ತು, ನಾನೇ ಕಲಿಸಿದ್ದೇನೆ. ಬೇಕೆಂತಲೇ ಹಾಗಂದೆಯಾ ಎಂದು ಈಗಲೂ ಕೇಳುತ್ತಿರುತ್ತೇನೆ, ಈಗಲೂ ಅವಳು ಬಾಯಿ ಬಿಡುವುದಿಲ್ಲ.

"ಅಳತೆ ಸಿಕ್ತು, ಲೇತಿಗೆ ಓಡ್ತೀನಿ, ಎಲ್ಲರೂ ಇಳೀಬಹುದು," ಅಂದ ದಸ್ತಗೀರ.

"ಟೇಪು ತೆಗೀಬೇಡ," ಅಂದೆ.

ಮೊದಲು ನಾನೊಬ್ಬಳೇ ಇಳಿದೆ. ಬಲಗಾಲು ನೆಲಕ್ಕಿಟ್ಟು, ಎಡಗಾಲು ಇಟ್ಟು, ಬಾಗಿಲಿನಿಂದ ಕೈಯನ್ನೂ ಬಿಟ್ಟು ನಿಂತೆ.

"ಒಂದು ಬೆರಳು ಕುಗ್ತು," ಅಂದ ದಸ್ತಗೀರ.

ಹತ್ತಿದೆ.

"ಒಂದು ಬೆರಳು ಹಿಗ್ತು."

ಮತ್ತೆ ಇಳಿದೆ. ಕುಗ್ಗಿತು. ಮತ್ತೆ ಹತ್ತಿದೆ. ಹಿಗ್ಗಿತು. ಹಿಂದಿನ ಸೀಟಿನಲ್ಲಿ ಸಾಕಮ್ಮ ಅಳುವುದು ಬಿಟ್ಟು ನಗತೊಡಗಿದಳು. ಲೇತಿನವನು ಊಟಕ್ಕೆ ಹೊರಟುಹೋಗುತ್ತಾನೆ, ಮದುವೆ ನಿಮ್ಮದು, ನನ್ನದಲ್ಲ, ಇನ್ನೊಂದು ಸಲ ಇಳಿದರೆ ಟೇಪು ಸುತ್ತಿ ಮನೆಗೆ ಹೋಗುತ್ತೇನೆ ಎಂದು ದಸ್ತಗೀರ ಗುಂಡಿಯಿಂದ ಕೂಗಾಡುತ್ತಿದ್ದ. ಕೊನೆಯದು ಕಣಪ್ಪ, ಇದೊಂದೇ ಸಲ ಎಂದು ಹೇಳಿ ನಾನು ಮತ್ತೆ ಬಾಗಿಲು ತೆರೆದೆ.